ರಾಯಚೂರಿನ ಬಿಸಿಲಲ್ಲಿ ಟ್ಯಾಬ್ ಸುಡುತ್ತಿದ್ದರೆ ಏನು ಮಾಡಬೇಕು

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ, ಎರಡೂವರೆ ಆಗಿರಬಹುದು, ಅಣ್ಣನ ಮಗಳು ಮಹಡಿಯಿಂದ ಟ್ಯಾಬನ್ನು ದುಪಟ್ಟಾದ ಚುಂಗಿನಲ್ಲಿ ಹಿಡಿದುಕೊಂಡು ಇಳಿದು ಬಂದಳು. ಒಲೆಯ ಮೇಲಿಂದ ಪಾತ್ರೆ ಇಳಿಸುತ್ತಾರಲ್ಲ, ಹಾಗೆ. "ಕಾಕಾ, ಇದು ಸುಡಾಕತ್ತೈತಿ, ಪರದಿ ಕಪ್ಪಾಗೈತಿ ನೋಡ್ರಿ" ಅಂದಳು. ನಾನು ಕೈಗೆ ತಗೊಳ್ಳುವ ಮೊದಲೇ ಅಣ್ಣ ಎದ್ದು ಅದನ್ನು ಇಸ್ಕೊಂಡು, ಸೀದಾ ಫ್ರಿಜ್ ತೆಗೆದು, ಮೊಸರಿನ ಬೋಗುಣಿ ಪಕ್ಕ ಇಟ್ಟು ಬಾಗಿಲು ಹಾಕಿಬಿಟ್ಟ. ಐದು ನಿಮಿಷ ವಾದ ಮಾಡಿ ನಾನು ಹೊರಗೆ ತೆಗೆದಾಗ ಹಿಂದಿನ ಕ್ಯಾಮೆರಾದ ಗಾಜಿನ ಒಳಗಡೆ ಸಣ್ಣಗೆ ಮಂಜು ಕಟ್ಟಿತ್ತು. ಒಳಗಡೆ! ಬಟ್ಟೆಯಿಂದ ಒರೆಸಿದರೆ ಹೋಗುವ ಮಂಜಲ್ಲ ಅದು. ಪೂರ್ತಿ ಆರಲು ಎರಡು ದಿನ ಬೇಕಾಯಿತು. ಅಷ್ಟೂ ಹೊತ್ತು ಟ್ಯಾಬ್ ಆಫ್, ಹುಡುಗಿಯ ಮುಖವೂ ಆಫ್.

ಅವತ್ತಿನಿಂದ ನಾನು ಈ ವಿಷಯದ ಹಿಂದೆ ಬಿದ್ದೆ. ನಾನು ರಿಪೇರಿಯವನಲ್ಲ. ಆದರೆ ಮನೆಯಲ್ಲಿ ಎರಡು ಟ್ಯಾಬ್ ಇವೆ, ಮೂರು ಬೇಸಿಗೆ ಕಂಡಿವೆ, ಎರಡೂ ಇನ್ನೂ ನಡೆಯುತ್ತಿವೆ. ಹಾಗಾಗಿ ಬರೆಯುತ್ತಿದ್ದೇನೆ.

ಇಂಟರ್ನೆಟ್‌ನಲ್ಲಿ ಈ ಬಗ್ಗೆ ಹುಡುಕಿದರೆ ರಾಶಿ ಸಲಹೆ ಸಿಗುತ್ತವೆ. "ತಂಪಾದ ಕೋಣೆಯಲ್ಲಿ ಇಡಿ" ಅಂತ ಶುರು ಮಾಡುತ್ತಾರೆ. ಅರೆ, ತಂಪಾದ ಕೋಣೆ ಇದ್ದಿದ್ದರೆ ಮೊದಲು ನಾನೇ ಹೋಗಿ ಮಲಗುತ್ತಿದ್ದೆ. ಆ ಸಲಹೆ ಬರೆದವರ ಕೋಣೆ 24-25 ಡಿಗ್ರಿ ಇರುತ್ತದೆ. ನಮ್ಮಲ್ಲಿ ಏಪ್ರಿಲ್-ಮೇ ಅಂದರೆ ಹೊರಗೆ 40-42, ಕೆಲವು ದಿನ ಅದಕ್ಕೂ ಮೇಲೆ. ಮಾಳಿಗೆ ಮೇಲೆ ಶೀಟ್ ಹಾಕಿ ಕಟ್ಟಿದ ಕೋಣೆಯಾದರೆ ಒಳಗೂ ಅಷ್ಟೇ. ಐಪ್ಯಾಡ್ ಬಳಸಲು ಆಪಲ್ ಕಂಪನಿ ಹೇಳುವ ಹೊರಗಿನ ತಾಪಮಾನದ ಮಿತಿ 0ಯಿಂದ 35 ಡಿಗ್ರಿ. ಅಂದರೆ ಮೇ ತಿಂಗಳ ಮಧ್ಯಾಹ್ನ, ಟ್ಯಾಬ್ ಆನ್ ಮಾಡುವ ಮೊದಲೇ ನಾವು ಮಿತಿ ದಾಟಿ ಕೂತಿರುತ್ತೇವೆ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರಕ್ಕೂ ಇದೇ ಮಾತು.

ಮೊದಲು ತುರ್ತು ಕೆಲಸ

ಈಗಲೇ ಟ್ಯಾಬ್ ಕೈಯಲ್ಲಿ ಸುಡುತ್ತಿದ್ದು ಇದನ್ನು ಓದುತ್ತಿದ್ದೀರಾ? ಹಾಗಿದ್ದರೆ ಚಾರ್ಜರ್ ಕೀಳಿ. ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ವೈರ್. ಕವರ್ ಬಿಚ್ಚಿ. ಆ ದಪ್ಪ ಫ್ಲಿಪ್ ಕವರ್ ಅಂದರೆ ಮೇ ತಿಂಗಳಲ್ಲಿ ಕಂಬಳಿ ಹೊದ್ದ ಹಾಗೆ. ಪರದೆ ಆಫ್ ಮಾಡಿ. ಪವರ್ ಬಟನ್ ಕೆಲಸ ಮಾಡುತ್ತಿದ್ದರೆ ಪೂರ್ತಿ ಸ್ವಿಚ್ ಆಫ್ ಮಾಡಿಬಿಡುವುದು ಇನ್ನೂ ಒಳ್ಳೆಯದು. ಆಮೇಲೆ ಕೆಳಗಿನ ಮನೆಯಲ್ಲಿ, ಬಿಸಿಲು ಬೀಳದ ಜಾಗದಲ್ಲಿ, ನೆಲದ ಮೇಲೆ ಇಡಿ. ಶಾಬಾದ್ ಕಲ್ಲಿನ ನೆಲವಿದ್ದರೆ ನಿಮ್ಮ ಪುಣ್ಯ. ಮಧ್ಯಾಹ್ನ ನಾವು ಅಂಗಿ ಬಿಚ್ಚಿ ಯಾಕೆ ಆ ಕಲ್ಲಿನ ಮೇಲೆ ಮಲಗುತ್ತೇವೋ, ಅದೇ ಕಾರಣಕ್ಕೆ ಟ್ಯಾಬ್‌ಗೂ ಅದು ಒಳ್ಳೆಯದು: ಗಾಳಿ 40 ಇದ್ದರೂ ನೆರಳಿನ ಕಲ್ಲು ಅಷ್ಟು ಕಾದಿರುವುದಿಲ್ಲ. ಹಿಂಬದಿ ಕಲ್ಲಿಗೆ ತಾಗುವ ಹಾಗೆ ಇಟ್ಟು, ಮೇಲಿಂದ ಫ್ಯಾನ್ ಹಾಕಿ. ಇಪ್ಪತ್ತು-ಇಪ್ಪತ್ತೈದು ನಿಮಿಷ ಮುಟ್ಟಬೇಡಿ. ಆಯ್ತಾ ಆಯ್ತಾ ಅಂತ ಎರಡು ನಿಮಿಷಕ್ಕೊಮ್ಮೆ ಆನ್ ಮಾಡಿ ನೋಡಿದರೆ ತಣ್ಣಗಾಗುವುದು ಇನ್ನೂ ತಡವಾಗುತ್ತದೆ ಅಷ್ಟೇ.

ಫ್ರಿಜ್ ಬೇಡ, ಫ್ರೀಜರ್ ಅಂತೂ ಬೇಡವೇ ಬೇಡ, ಐಸ್ ಕ್ಯೂಬ್ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡುವುದೂ ಬೇಡ. ಬಿಸಿ ವಸ್ತು ಒಮ್ಮೆಲೇ ತಣ್ಣಗಾದರೆ, ಇಲ್ಲವೇ ತಣ್ಣನೆಯ ವಸ್ತುವನ್ನು ಬಿಸಿ ಗಾಳಿಗೆ ತಂದರೆ, ಗಾಳಿಯಲ್ಲಿರುವ ತೇವ ಅದರ ಮೇಲೆ ನೀರಾಗಿ ಕೂರುತ್ತದೆ. ಹೊರಗೆ ಕೂತರೆ ಒರೆಸಬಹುದು, ಒಳಗೆ ಬೋರ್ಡಿನ ಮೇಲೆ ಕೂತರೆ ಕಾಣುವುದೇ ಇಲ್ಲ. ನೀರು ಹೋಗಿ ಕೆಟ್ಟಿದ್ದಕ್ಕೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಒದ್ದೆ ಬಟ್ಟೆ ಸುತ್ತುವವರನ್ನೂ ನೋಡಿದ್ದೇನೆ. ಮಣ್ಣಿನ ಹರವಿಗೆ ಒದ್ದೆ ಬಟ್ಟೆ ಸುತ್ತಿದರೆ ನೀರು ತಂಪಾಗುತ್ತದೆ, ನಿಜ. ಆದರೆ ಹರವಿಗೆ ಚಾರ್ಜಿಂಗ್ ಪಿನ್ ಇರುವುದಿಲ್ಲವಲ್ಲ.

ಕೂಲರ್ ಮುಂದೆ ಇಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ಇಡಬಹುದು, ನಾಲ್ಕೈದು ಅಡಿ ದೂರ. ಜಾಲರಿಗೆ ಅಂಟಿಸಿ ಇಟ್ಟರೆ ಸಣ್ಣ ಹನಿಗಳೂ ಬಂದು ಬೀಳುತ್ತವೆ. ಕೂಲರ್ ಹುಲ್ಲು ಹೊಸದಾಗಿದ್ದರೆ ಇನ್ನೂ ಜಾಸ್ತಿ.

ಮೂರು ಬಿಸಿಯ ಲೆಕ್ಕ

ಟ್ಯಾಬ್ ಒಳಗೆ ಫ್ಯಾನ್ ಇರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಬುರ್‌ ಅಂತ ಸದ್ದು ಮಾಡುತ್ತಾ ಬಿಸಿ ಗಾಳಿ ಹೊರಗೆ ದಬ್ಬುವ ವ್ಯವಸ್ಥೆ ಇದೆ, ಇದರಲ್ಲಿ ಇಲ್ಲ. ಒಳಗೆ ಹುಟ್ಟಿದ ಬಿಸಿ ಹಿಂದಿನ ತಗಡಿನಿಂದಲೋ ಮುಂದಿನ ಗಾಜಿನಿಂದಲೋ ಮೆಲ್ಲಗೆ ಗಾಳಿಗೆ ಹೋಗಬೇಕು. ಎಷ್ಟು ಬೇಗ ಹೋಗುತ್ತದೆ ಅನ್ನುವುದು ಟ್ಯಾಬಿನ ಬಿಸಿಗೂ ಕೋಣೆಯ ಗಾಳಿಯ ಬಿಸಿಗೂ ನಡುವಿನ ವ್ಯತ್ಯಾಸದ ಮೇಲೆ ನಿಂತಿದೆ. ಜನವರಿಯಲ್ಲಿ ಕೋಣೆ 22 ಡಿಗ್ರಿ, ಟ್ಯಾಬ್ 42 ಅಂತಿಟ್ಟುಕೊಳ್ಳಿ, ವ್ಯತ್ಯಾಸ 20. ಬಿಸಿ ಸರಸರ ಇಳಿದು ಹೋಗುತ್ತದೆ. ಮೇನಲ್ಲಿ ಕೋಣೆಯೇ 39, ಟ್ಯಾಬ್ 42. ಮೂರೇ ಮೂರು ಡಿಗ್ರಿ ವ್ಯತ್ಯಾಸ. ಬಿಸಿ ಹೋಗುವುದಾದರೂ ಎಲ್ಲಿಗೆ? ಒಳಗೇ ಸೇರುತ್ತಾ ಹೋಗುತ್ತದೆ, ಟ್ಯಾಬ್ 45, 47, 48 ಅಂತ ಏರುತ್ತದೆ. ಜನವರಿಯಲ್ಲಿ ಗೊತ್ತೇ ಆಗದ ಅದೇ ವಿಡಿಯೋ, ಅದೇ ಟ್ಯಾಬ್, ಮೇನಲ್ಲಿ ಕೈ ಸುಡುವುದು ಇದಕ್ಕೇ. ಟ್ಯಾಬ್ ಕೆಟ್ಟಿದೆ ಅಂತ ಅಂಗಡಿಗೆ ಓಡುವ ಮೊದಲು ಇದು ತಲೆಯಲ್ಲಿರಲಿ.

ಹಾಗಾದರೆ ನಮ್ಮ ಕೈಯಲ್ಲಿರುವುದು ಒಂದೇ ದಾರಿ: ಬಿಸಿಯನ್ನು ಹೊರಗೆ ಹಾಕುವುದು ಕಷ್ಟವಾದರೆ, ಒಳಗೆ ಹುಟ್ಟುವುದನ್ನೇ ಕಡಿಮೆ ಮಾಡುವುದು. ಬಿಸಿ ಬರುವುದು ಮೂರು ಕಡೆಯಿಂದ. ಒಂದು ಬಿಸಿಲು. ಎರಡು ಚಾರ್ಜು. ಮೂರು ಕೆಲಸ, ಅಂದರೆ ವಿಡಿಯೋ, ಗೇಮ್, ಕ್ಯಾಮೆರಾ, ಪರದೆಯ ಬೆಳಕು, ನೆಟ್ ಎಲ್ಲಾ ಸೇರಿ. ಬೆಂಗಳೂರಿನಲ್ಲಿ ಕೂತವರು ಇವುಗಳಲ್ಲಿ ಎರಡನ್ನು ಒಟ್ಟಿಗೆ ಮಾಡಿದರೂ ನಡೆದೀತು. ನಮ್ಮಲ್ಲಿ ಬೇಸಿಗೆಯಲ್ಲಿ ಒಂದು ಹೊತ್ತಿಗೆ ಒಂದೇ. ಚಾರ್ಜಿಗೆ ಹಾಕಿದರೆ ಮುಟ್ಟಬೇಡಿ. ವಿಡಿಯೋ ನೋಡುವಾಗ ಚಾರ್ಜಿಗೆ ಹಾಕಬೇಡಿ. ಬಿಸಿಲಿಗೆ ಹೊರಗೆ ಒಯ್ದರೆ ಕೆಲಸ ಮುಗಿದ ಕೂಡಲೇ ಪರದೆ ಆಫ್. ನಮ್ಮ ಮನೆಯಲ್ಲಿ ಈ ಒಂದು ನಿಯಮ ಬಂದ ಮೇಲೆ ಅರ್ಧಕ್ಕರ್ಧ ತೊಂದರೆ ಹೋಯಿತು.

ಅವತ್ತು ಮಹಡಿ ಮೇಲೆ ಆಗಿದ್ದೇನು ಅಂತ ಆಮೇಲೆ ಹುಡುಗಿಯನ್ನು ಕೂರಿಸಿ ಕೇಳಿದೆ. ಕರೆಂಟ್ ಹೋಗಿತ್ತು. ನಮ್ಮ ಇನ್ವರ್ಟರ್ ಮೇಲೆ ಫ್ಯಾನ್, ಲೈಟ್, ಒಂದು ಪ್ಲಗ್ ನಡೆಯುತ್ತವೆ, ಕೂಲರ್ ನಡೆಯುವುದಿಲ್ಲ. ಶೀಟಿನ ಕೋಣೆ. ಟ್ಯಾಬ್ ಗಾದಿಯ ಮೇಲೆ, ದಿಂಬಿಗೆ ಒರಗಿಸಿ ನಿಲ್ಲಿಸಿದ್ದಳು. ಕವರ್ ಹಿಂದಕ್ಕೆ ಮಡಚಿತ್ತು. ಚಾರ್ಜರ್ ಹಾಕಿತ್ತು. ಬೆಳಕು ಪೂರ್ತಿ. ಬಯಾಲಜಿ ಪಾಠ, 1080 ಕ್ವಾಲಿಟಿ, ಒಂದೂವರೆ ಪಟ್ಟು ವೇಗ. ವೈಫೈ ಹೋಗಿದ್ದರಿಂದ ಟ್ಯಾಬಿನ ಸಿಮ್ ಮೇಲೆ ನೆಟ್. ಅಲ್ವಾ, ಇನ್ನೇನು ಬಾಕಿ ಇತ್ತು? ಅವ್ವ ಇದನ್ನೆಲ್ಲ ಕೇಳಿಸಿಕೊಂಡು "ಮನುಷ್ಯಾರಿಗೇ ಈ ಬಿಸಲು ತಡಿಯಾಕ ಆಗವಲ್ದು, ಪಾಪ ಅದೇನು ಮಾಡೀತು" ಅಂದಳು.

ಎಲ್ಲಿ ಸುಡುತ್ತಿದೆ, ಮುಟ್ಟಿ ನೋಡಿ

ಕವರ್ ತೆಗೆದು ಹಿಂಬದಿಯ ಮೇಲೆ ಅಂಗೈ ಇಟ್ಟು ಹತ್ತು ಎಣಿಸಿ. ಬೆಚ್ಚಗಿದೆ, ಇಟ್ಟುಕೊಳ್ಳಲು ಆಗುತ್ತಿದೆ ಅಂದರೆ ನಮ್ಮೂರ ಬೇಸಿಗೆಗೆ ಅದು ಸಹಜ. ನಾಲ್ಕೈದು ಎಣಿಸುವಷ್ಟರಲ್ಲಿ ಕೈ ತಾನೇ ಹಿಂದೆ ಬಂದರೆ ಜಾಸ್ತಿಯಾಯಿತು, ನಿಲ್ಲಿಸಿ.

ಯಾವ ಜಾಗ ಅನ್ನುವುದೂ ಮುಖ್ಯ. ಕ್ಯಾಮೆರಾ ಹತ್ತಿರದ ಒಂದು ಮೂಲೆ ಮಾತ್ರ ಸುಡುತ್ತಿದ್ದರೆ ಸಾಮಾನ್ಯವಾಗಿ ಅಲ್ಲಿ ಪ್ರೊಸೆಸರ್ ಇರುತ್ತದೆ, ಯಾವುದೋ ಆ್ಯಪ್ ಅದನ್ನು ದುಡಿಸುತ್ತಿದೆ ಅಂತ ಅರ್ಥ. ನಡುಭಾಗ ಅಗಲಕ್ಕೆ ಬಿಸಿಯಾಗಿದ್ದರೆ ಅದು ಬ್ಯಾಟರಿ. ಚಾರ್ಜಿಗೆ ಹಾಕಿದಾಗ ಸ್ವಲ್ಪ ಆಗುವುದೇ, ಆದರೆ ಚಾರ್ಜೂ ಇಲ್ಲ, ಕೆಲಸವೂ ಇಲ್ಲ, ಸುಮ್ನೆ ಇಟ್ಟಿದ್ದರೂ ಸುಡುತ್ತಿದ್ದರೆ ಅನುಮಾನ ಪಡಬೇಕು. ಪಿನ್ ಹಾಕುವ ಜಾಗ ಮಾತ್ರ ಸುಡುತ್ತಿದ್ದರೆ ಚಾರ್ಜರ್, ಕೇಬಲ್, ಇಲ್ಲವೇ ಪೋರ್ಟ್ ಸಡಿಲ. ಪಿನ್ ಜಾಗದ ಈ ಬಿಸಿಯನ್ನು ತಮಾಷೆಗೆ ತಗೊಳ್ಳಬೇಡಿ. ಪಿನ್ ಅಲ್ಲಾಡುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಕೇಬಲ್ ಅವತ್ತೇ ಕಸಕ್ಕೆ.

ಆಂಡ್ರಾಯ್ಡ್ ಟ್ಯಾಬ್ ಆದರೆ ಕೈ ಲೆಕ್ಕ ಬಿಟ್ಟು ನಿಜವಾದ ಅಂಕಿಯನ್ನೇ ನೋಡಬಹುದು. ಸಿಪಿಯು-ಝಡ್ ಅನ್ನುವ ಆ್ಯಪ್ ಇದೆ, ಅದರಲ್ಲಿ ಬ್ಯಾಟರಿ ಅನ್ನುವ ಪುಟಕ್ಕೆ ಹೋದರೆ ತಾಪಮಾನ ತೋರಿಸುತ್ತದೆ. ನಾನು 40ರವರೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ. 43-44 ಆದರೆ ಕೆಲಸ ನಿಲ್ಲಿಸುತ್ತೇನೆ. ಲಿಥಿಯಂ ಬ್ಯಾಟರಿಗಳನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು ಅನ್ನುವುದು ಸಾಮಾನ್ಯ ಮಿತಿ. ಹಾಗಾಗಿಯೇ ಬಹಳ ಟ್ಯಾಬ್‌ಗಳು ಬಿಸಿ ಏರಿದಾಗ ಚಾರ್ಜಾಗುವುದನ್ನು ತಾವೇ ನಿಲ್ಲಿಸುತ್ತವೆ. ಚಾರ್ಜ್ ಏರ್ತಾ ಇಲ್ಲ, ಚಾರ್ಜರ್ ಕೆಟ್ಟಿದೆ ಅಂತ ಜನ ಬೈಯುತ್ತಾರೆ. ಕೆಟ್ಟಿರುವುದಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುತ್ತದೆ. ಪರದೆ ತಾನಾಗಿ ಮಂಕಾಗುವುದು, ವಿಡಿಯೋ ತಡವರಿಸುವುದು, ಗೇಮ್ ಜಗ್ಗುವುದು ಎಲ್ಲ ಅದೇ. ಪ್ರೊಸೆಸರ್ ಬೇಕಂತಲೇ ನಿಧಾನವಾಗಿ ನಡೆಯುತ್ತಿರುತ್ತದೆ.

ಮೊಬೈಲ್ ಕೂಲರ್, ಬ್ಯಾಟರಿ ಕೂಲರ್ ಅಂತ ಹೆಸರಿಟ್ಟುಕೊಂಡ ಆ್ಯಪ್‌ಗಳು ಬರುತ್ತವೆ, ಒಂದು ಬಟನ್ ಒತ್ತಿದರೆ ಹಿಮ ಬೀಳುವ ಚಿತ್ರ ತೋರಿಸುತ್ತವೆ. ಹಾಕಬೇಡಿ. ಆ ಹಿಮದ ಚಿತ್ರ ಓಡಿಸಲು, ಅದರ ಜೊತೆ ಬರುವ ಜಾಹೀರಾತು ಎಳೆಯಲು ಟ್ಯಾಬ್ ಇನ್ನಷ್ಟು ದುಡಿಯಬೇಕು.

ಇನ್ನು ಧೂಳು. ನಮ್ಮೂರಲ್ಲಿ ಧೂಳಿಗೆ ಬರವಿಲ್ಲ, ಹಾಗಾಗಿ ಎಲ್ಲದಕ್ಕೂ ಧೂಳೇ ಕಾರಣ ಅನ್ನುವ ಅಭ್ಯಾಸ. ಟ್ಯಾಬ್‌ಗೆ ಗಾಳಿ ಕಿಂಡಿಗಳೇ ಇಲ್ಲದ ಮೇಲೆ ಧೂಳಿನಿಂದ ಬಿಸಿಯಾಗುವ ಪ್ರಶ್ನೆ ಇಲ್ಲ. ಚಾರ್ಜಿಂಗ್ ಪೋರ್ಟ್ ಒಂದನ್ನು ಒಣ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ, ಸಾಕು. ಸೂಜಿ ಹಾಕಬೇಡಿ.

ಕೆಲಸದ ಬಿಸಿ ಇಳಿಸುವುದು

ಎಲ್ಲಕ್ಕಿಂತ ಸುಲಭದ್ದು ಪರದೆಯ ಬೆಳಕು. ಹತ್ತು ಇಂಚಿನ ಪರದೆ ಪೂರ್ತಿ ಬೆಳಕಿನಲ್ಲಿ ಓಡಿದರೆ ತಾನೇ ಒಂದು ಸಣ್ಣ ಒಲೆ. ಮನೆಯೊಳಗೆ ಅರ್ಧಕ್ಕೆ ಇಳಿಸಿದರೂ ಓದಲು ಏನೂ ತೊಂದರೆ ಇಲ್ಲ, ಕಿಟಕಿ ಪರದೆ ಎಳೆದುಕೊಂಡರೆ ಅದಕ್ಕಿಂತ ಕಡಿಮೆಯೂ ಸಾಕು.

ಪಾಠದ ವಿಡಿಯೋಗಳಿಗೆ 480 ಸಾಕು. ಹಲಗೆಯ ಮೇಲಿನ ಅಕ್ಷರ ಕಾಣದಿದ್ದರೆ 720 ಮಾಡಿಕೊಳ್ಳಿ. ಸಿನಿಮಾದ ಹಾಗೆ 1080 ಯಾಕೆ? ಎರಡು ಪಟ್ಟು ವೇಗದಲ್ಲಿ ನೋಡಿದರೆ ಟ್ಯಾಬ್ ಅಷ್ಟೇ ಹೊತ್ತಿನಲ್ಲಿ ಎರಡು ಪಟ್ಟು ಚಿತ್ರ ಬಿಚ್ಚಬೇಕು, ಅದೂ ಬಿಸಿಯೇ. ಇದಕ್ಕಿಂತ ಒಳ್ಳೆಯ ಉಪಾಯ ಅಂದರೆ ಮುಂಜಾನೆ ತಂಪಿನಲ್ಲಿ ವೈಫೈ ಇರುವಾಗ ಅವತ್ತಿನ ಪಾಠಗಳನ್ನೆಲ್ಲ ಡೌನ್‌ಲೋಡ್ ಮಾಡಿಟ್ಟುಕೊಂಡು, ಮಧ್ಯಾಹ್ನ ನೆಟ್ ಆಫ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ ನೋಡುವುದು. ನೆಟ್‌ನಿಂದ ಎಷ್ಟು ಬಿಸಿಯಾಗುತ್ತದೆ ಅಂತ ಬಹಳ ಜನರಿಗೆ ಅಂದಾಜಿಲ್ಲ. ಸಿಗ್ನಲ್ ಒಂದೇ ಕಡ್ಡಿ ಇರುವ ಊರಲ್ಲಿ ಟ್ಯಾಬಿನ ಸಿಮ್ ದೂರದ ಟವರ್‌ಗೆ ಕೇಳಿಸಲಿ ಅಂತ ಜೋರಾಗಿ ಕೂಗುತ್ತಿರುತ್ತದೆ, ಕೂಗಲು ಬ್ಯಾಟರಿ ಬೇಕು. ಅಂಥ ಕಡೆ ಫೋನನ್ನು ಸಿಗ್ನಲ್ ಚೆನ್ನಾಗಿರುವ ಕಿಟಕಿಯ ಹತ್ತಿರ ನೆರಳಿಗಿಟ್ಟು, ಹಾಟ್‌ಸ್ಪಾಟ್ ಹಾಕಿ, ಟ್ಯಾಬ್‌ಗೆ ವೈಫೈ ಕೊಡಿ. ಬಿಸಿ ಎರಡು ಕಡೆ ಹಂಚಿಹೋಗುತ್ತದೆ. ಫೋನ್ ಬಿಸಿಯಾಗುತ್ತದಲ್ಲ ಅಂದರೆ, ಹೌದು ಆಗುತ್ತದೆ. ಆದರೆ ಅದು ಬೇರೇನೂ ಕೆಲಸ ಮಾಡುತ್ತಿಲ್ಲವಲ್ಲ.

ಬೇಸಿಗೆ ಮತ್ತು ಐಪಿಎಲ್ ಒಟ್ಟಿಗೇ ಬರುವುದು ನಮ್ಮ ಟ್ಯಾಬ್‌ಗಳ ದುರದೃಷ್ಟ. ರಾತ್ರಿ ತಂಪು, ಏನೂ ಆಗಲ್ಲ ಅಂದುಕೊಳ್ಳುತ್ತೇವೆ. ರಾತ್ರಿ ಒಂಬತ್ತಕ್ಕೆ ನಿಮ್ಮ ಪಡುವಣ ಗೋಡೆಯ ಮೇಲೆ ಕೈ ಇಟ್ಟು ನೋಡಿ. ದಿನವೆಲ್ಲ ಕುಡಿದ ಬಿಸಿಲನ್ನು ಅದು ಆಗ ಕಕ್ಕುತ್ತಿರುತ್ತದೆ. ಮ್ಯಾಚ್ ನೋಡುವುದಾದರೆ ಟ್ಯಾಬ್ ಹಿಡಿದು ಮಾಳಿಗೆಗೆ ಹೋಗಿ, ಕಟ್ಟೆಗೆ ಒರಗಿಸಿ, ಹಿಂಬದಿಗೆ ಗಾಳಿ ತಾಗುವ ಹಾಗೆ ನಿಲ್ಲಿಸಿ. ಕದ್ದು ಮ್ಯಾಚ್ ತೋರಿಸುವ ಆ್ಯಪ್‌ಗಳನ್ನು ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು ಅಂತ ಹಾಕಿಕೊಳ್ಳಬೇಡಿ. ಅಂಥವು ಮ್ಯಾಚ್ ಮುಗಿದ ಮೇಲೂ ಹಿಂದೆ ಏನೋ ಓಡಿಸುತ್ತಲೇ ಇರಬಹುದು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಗೆ ಹೋದರೆ ಯಾವ ಆ್ಯಪ್ ಎಷ್ಟು ತಿಂದಿದೆ ಅನ್ನುವ ಪಟ್ಟಿ ಇರುತ್ತದೆ, ಆಂಡ್ರಾಯ್ಡ್‌ಗೂ ಐಪ್ಯಾಡ್‌ಗೂ. ನೀವು ತೆರೆಯದೇ ಇದ್ದ ಆ್ಯಪ್ ಪಟ್ಟಿಯ ತಲೆಯಲ್ಲಿ ಕೂತಿದ್ದರೆ ಅದೇ ಕಳ್ಳ.

ಒಂದು ವಿನಾಯಿತಿ: ದೊಡ್ಡ ಅಪ್‌ಡೇಟ್ ಹಾಕಿದ ಮೇಲೆ ಒಂದೆರಡು ದಿನ ಟ್ಯಾಬ್ ಸುಮ್ನಿದ್ದರೂ ಬೆಚ್ಚಗಿರುವುದು ಉಂಟು. ಒಳಗೆ ಫೋಟೋ, ಆ್ಯಪ್ ಎಲ್ಲ ಮತ್ತೆ ಜೋಡಿಸಿಕೊಳ್ಳುತ್ತಿರುತ್ತದೆ. ಹಾಗಾಗಿ ಅಪ್‌ಡೇಟ್‌ಗಳನ್ನೂ ಮುಂಜಾನೆಗೇ ಇಟ್ಟುಕೊಳ್ಳಿ.

ಚಾರ್ಜು

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಆಫೀಸುಗಳ ಹೊತ್ತನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಾಯಿಸುತ್ತಾರೆ, ಕಲಬುರಗಿ ವಿಭಾಗಕ್ಕೆಲ್ಲ. ಸರ್ಕಾರವೇ ಬಿಸಿಲಿಗೆ ತಲೆಬಾಗಿದ ಮೇಲೆ ನಾವು ಚಾರ್ಜಿಂಗ್ ಹೊತ್ತು ಬದಲಾಯಿಸಲು ಏನು ತೊಂದರೆ? ದಿನದಲ್ಲಿ ಎಲ್ಲಕ್ಕಿಂತ ತಂಪು ಹೊತ್ತು ಬೆಳಗಿನ ಜಾವ. ಐದಕ್ಕೆ ಎದ್ದು ನೀರು ಹಿಡಿಯುವವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ. ನಮ್ಮಲ್ಲಿ ವೈನಿ. ಅವರೇ ಎದ್ದ ಕೂಡಲೇ ಎರಡೂ ಟ್ಯಾಬನ್ನು ಚಾರ್ಜಿಗೆ ಹಾಕುತ್ತಾರೆ, ಏಳೂವರೆಗೆ ಕೀಳುತ್ತಾರೆ. ಅಷ್ಟರಲ್ಲಿ 80-90 ಆಗಿರುತ್ತದೆ. ಸಾಕು.

ನೂರಕ್ಕೆ ನೂರು ತುಂಬಿಸಿ, ತುಂಬಿದ ಮೇಲೂ ವೈರ್ ಹಾಕಿಯೇ ಬಿಡುವುದು ಬ್ಯಾಟರಿಗೆ ಒಳ್ಳೆಯದಲ್ಲ. ಪೂರ್ತಿ ತುಂಬಿದ ಬ್ಯಾಟರಿ ಬಿಸಿಯಲ್ಲಿ ಕೂತಷ್ಟೂ ಬೇಗ ಮುದಿಯಾಗುತ್ತದೆ. ಸ್ಯಾಮ್‌ಸಂಗ್‌ನ ಹಲವು ಟ್ಯಾಬ್‌ಗಳಲ್ಲಿ ಬ್ಯಾಟರಿ ಸೆಟ್ಟಿಂಗ್ ಒಳಗೆ ಬ್ಯಾಟರಿ ಪ್ರೊಟೆಕ್ಷನ್ ಅಂತ ಇರುತ್ತದೆ, ಅದನ್ನು ಆನ್ ಮಾಡಿದರೆ ಮಾಡೆಲ್ ನೋಡಿಕೊಂಡು 80ಕ್ಕೋ 85ಕ್ಕೋ ತಾನೇ ನಿಲ್ಲಿಸುತ್ತದೆ. ಅಲ್ಲೇ ಫಾಸ್ಟ್ ಚಾರ್ಜಿಂಗ್ ಆಫ್ ಮಾಡುವ ಆಯ್ಕೆಯೂ ಸಿಗುತ್ತದೆ. ಬೇಸಿಗೆ ಮುಗಿಯುವವರೆಗೆ ಆಫ್ ಇರಲಿ, ನಿಧಾನ ಆದಷ್ಟೂ ಬಿಸಿ ಕಡಿಮೆ. ಐಪ್ಯಾಡ್‌ಗಳಲ್ಲಿ 80ರ ಮಿತಿ ಹಾಕುವ ಆಯ್ಕೆ ಬಂದಿದ್ದು 2024ರ ಐಪ್ಯಾಡ್ ಪ್ರೊ, ಐಪ್ಯಾಡ್ ಏರ್‌ನಿಂದ. ಹಳೆಯ ಐಪ್ಯಾಡ್ ಇರುವವರು ವೈನಿಯ ದಾರಿ ಹಿಡಿಯಬೇಕು.

ಚಾರ್ಜಿಗೆ ಹಾಕುವಾಗ ಗಾದಿ, ದಿಂಬು, ಸೋಫಾ ಮೇಲೆ ಬೇಡ. ಹತ್ತಿ ಬಿಸಿಯನ್ನು ಹಿಡಿದಿಡುತ್ತದೆ, ಚಳಿಗಾಲದಲ್ಲಿ ರಜಾಯಿ ಯಾಕೆ ಹೊದೆಯುತ್ತೇವೆ ಹೇಳಿ. ನೆಲದ ಮೇಲೆ ಅಥವಾ ಮರದ ಮೇಜಿನ ಮೇಲೆ, ಕವರ್ ಬಿಚ್ಚಿ. ಟ್ಯಾಬ್ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಬಾಟಲಿ ಮುಚ್ಚಳ ಇಟ್ಟರೆ ಅಡಿಯಿಂದಲೂ ಗಾಳಿ ಆಡುತ್ತದೆ. ನೋಡಲು ನಗು ಬರುತ್ತದೆ, ಆದರೆ ನಮ್ಮ ಮನೆಯಲ್ಲಿ ಫ್ಯಾನ್ ಕೆಳಗೆ ಹೀಗೆ ಇಟ್ಟಾಗ ಸಿಪಿಯು-ಝಡ್‌ನಲ್ಲಿ ಅಂಕಿ ಇಳಿದಿದ್ದನ್ನು ನಾನೇ ನೋಡಿದ್ದೇನೆ.

ಚಾರ್ಜರ್ ಬಗ್ಗೆ ನನ್ನದೇ ಒಂದು ದಡ್ಡತನ ಹೇಳಿಬಿಡುತ್ತೇನೆ. ಮೂಲ ಚಾರ್ಜರ್ ಕಳೆದುಹೋಗಿತ್ತು. ಬಸ್‌ ಸ್ಟ್ಯಾಂಡ್ ಹತ್ತಿರದ ತಳ್ಳುಗಾಡಿಯಲ್ಲಿ 120 ರೂಪಾಯಿಗೆ ಒಂದು ಸಿಕ್ಕಿತು, ಎತ್ತಿದರೆ ಹತ್ತಿಯಷ್ಟು ಹಗುರ. ಮೂರನೇ ದಿನ ಅದು ಎಷ್ಟು ಕಾದಿತ್ತೆಂದರೆ ಪ್ಲಗ್‌ನಿಂದ ಕೀಳಲು ಬಟ್ಟೆ ಬೇಕಾಯಿತು, ಪಿನ್ ಹತ್ತಿರ ಟ್ಯಾಬ್ ಕೂಡ ಹಾಗೇ. ಈಗ ಕೊಳ್ಳುವಾಗ ಬಿಐಎಸ್ ಅನ್ನುವ ಸರ್ಕಾರಿ ಗುಣಮಟ್ಟದ ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇದೆಯಾ ಅಂತ ಕನ್ನಡಕ ಹಾಕಿಕೊಂಡು ನೋಡುತ್ತೇನೆ. ಅಕ್ಷರ ಇರುವೆಯಷ್ಟು ಚಿಕ್ಕದಿರುತ್ತದೆ. ಆಮೇಲೆ ಹಿಂದೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್: 5 ವೋಲ್ಟ್, 2 ಆಂಪಿಯರ್ ಅಂದರೆ 10 ವ್ಯಾಟ್. ಬೇಸಿಗೆಗೆ ಅಷ್ಟು ಇದ್ದರೂ ನಡೆಯುತ್ತದೆ, ಸ್ವಲ್ಪ ತಡವಾಗುತ್ತದೆ ಅಷ್ಟೇ.

ಕರೆಂಟ್ ಹೋಗಿ ಬರುವಾಗ ವೋಲ್ಟೇಜ್ ಏರುಪೇರು ಇರುತ್ತದೆ. ಕರೆಂಟ್ ಹೋದ ಕೂಡಲೇ ಚಾರ್ಜರ್ ಸ್ವಿಚ್ ಆಫ್ ಮಾಡಿ, ಬಂದು ಐದು ನಿಮಿಷ ಆದ ಮೇಲೆ ಹಾಕಿ. ಶಕ್ತಿನಗರದಲ್ಲಿ ಅಷ್ಟು ದೊಡ್ಡ ಥರ್ಮಲ್ ಸ್ಟೇಷನ್ ಇಟ್ಟುಕೊಂಡೂ ನಾವು ಇದನ್ನು ಬರೆಯಬೇಕಾಗಿದೆ, ಇರಲಿ.

ಹೊಲ, ಬಸ್ಸು, ಕಾರು

ಸಿಂಧನೂರು ಕಡೆ ಬೆಳೆ ಸಮೀಕ್ಷೆ ಮಾಡುವ ಗೆಳೆಯನೊಬ್ಬ ಇದ್ದಾನೆ. ಎಂಟು ಇಂಚಿನ ಟ್ಯಾಬ್ ಹಿಡಿದು ಹೊಲ ಹೊಲ ತಿರುಗುತ್ತಾನೆ. ಜಿಪಿಎಸ್ ಆನ್, ಕ್ಯಾಮೆರಾ ಆನ್, ಸಿಮ್ ನೆಟ್ ಆನ್, ಬಿಸಿಲಲ್ಲಿ ಕಾಣಲಿ ಅಂತ ಬೆಳಕು ಪೂರ್ತಿ, ಕಪ್ಪು ಕವರ್. ಹತ್ತು ಹೊಲ ಮುಗಿಯುವಷ್ಟರಲ್ಲಿ ಕ್ಯಾಮೆರಾ ಆ್ಯಪ್ ತಾನೇ ಮುಚ್ಚಿಕೊಳ್ಳುತ್ತಿತ್ತು. ಈಗ ಅವನು ಮಾಡುವುದು ಇಷ್ಟು. ಬೆಳಿಗ್ಗೆ ಆರಕ್ಕೆ ಶುರು, ಹನ್ನೊಂದಕ್ಕೆ ಮುಗಿತು. ಕವರ್ ಬಿಳಿಯದು, ತೆಳ್ಳಗಿನದು. ಬದುವಿನ ಮೇಲೆ ನಡೆಯುವಾಗ ಪರದೆ ಆಫ್ ಮಾಡಿ, ಹೆಗಲ ಮೇಲಿನ ಬಿಳಿ ಟವೆಲ್‌ನ ಮಡಿಕೆಯಲ್ಲಿ ಸಡಿಲವಾಗಿ ಹಿಡಿದಿರುತ್ತಾನೆ, ಹೊಲಕ್ಕೆ ಹೋಗಿ ಫೋಟೋ ತೆಗೆಯುವಾಗ ತನ್ನ ಮೈ ನೆರಳು ಟ್ಯಾಬ್ ಮೇಲೆ ಬೀಳುವ ಹಾಗೆ ಸೂರ್ಯನಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಐದು ಹೊಲಕ್ಕೊಮ್ಮೆ ಬೇವಿನ ಗಿಡದ ಕೆಳಗೆ ಹತ್ತು ನಿಮಿಷ. ಟ್ಯಾಬ್‌ಗಾಗಿ ಅನ್ನುತ್ತಾನೆ, ಬೀಡಿಗಾಗಿ ಅಂತ ನನ್ನ ಅನುಮಾನ.

ಬೈಕಿನ ಹ್ಯಾಂಡಲ್‌ಗೆ ಸ್ಟ್ಯಾಂಡ್ ಹಾಕಿ ಮ್ಯಾಪ್ ನೋಡುತ್ತಾ ಹೋಗುವವರು ಆ ಕೆಲಸಕ್ಕೆ ಫೋನನ್ನೇ ಇಟ್ಟುಕೊಳ್ಳಿ, ಅದೂ ದಾರಿ ಒಮ್ಮೆ ನೋಡಿಕೊಂಡು ಧ್ವನಿ ಕೇಳುತ್ತಾ ಹೋಗಿ.

ಬಸ್ಸಿನಲ್ಲಿ ಬಿಸಿಲ ಕಡೆಯ ಕಿಟಕಿ ಬಿಡಿ. ಬೆಳಿಗ್ಗೆ ರಾಯಚೂರಿನಿಂದ ಮಾನ್ವಿ, ಸಿಂಧನೂರು, ಸಿರುಗುಪ್ಪ ಮೇಲೆ ಬಳ್ಳಾರಿಗೆ ಹೊರಟರೆ ಬಿಸಿಲು ಎಡಗಡೆ. ಬಲಗಡೆ ಕೂತರೆ ಟ್ಯಾಬ್‌ಗೂ ನಿಮಗೂ ಒಳ್ಳೆಯದು. ನಿಲ್ಲಿಸಿದ ಕಾರಿನಲ್ಲಿ ಮಾತ್ರ ಎಂದೂ ಬಿಟ್ಟು ಹೋಗಬೇಡಿ, "ಒಂದು ಒಗ್ಗರಣೆ ಮಿರ್ಚಿ ತಿಂದು ಬರ್ತೀನಿ" ಅಂತಲೂ ಬೇಡ. ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುವುದು ನಮ್ಮಲ್ಲಿ ಸಾಮಾನ್ಯ. ಐಪ್ಯಾಡನ್ನು ಆಫ್ ಮಾಡಿ ಇಡುವುದಕ್ಕೂ ಆಪಲ್ ಹೇಳುವ ಮಿತಿ 45. ಬಿಡಲೇಬೇಕಾದರೆ ಸೀಟಿನ ಕೆಳಗೆ ಅಂತ ಕೆಲವರು ಹೇಳುತ್ತಾರೆ, ನಾನಂತೂ ಕಂಕುಳಲ್ಲಿ ಇಟ್ಟುಕೊಂಡು ಹೋಟೆಲಿಗೆ ಹೋಗುತ್ತೇನೆ.

ಬ್ಯಾಟರಿ ಉಬ್ಬಿದರೆ

ಇದೊಂದನ್ನು ಗಮನ ಕೊಟ್ಟು ಓದಿ. ಟ್ಯಾಬನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ ಒಂದು ಮೂಲೆ ಒತ್ತಿ. ತೊಟ್ಟಿಲ ಹಾಗೆ ತೂಗಿದರೆ ಹಿಂಬದಿ ಉಬ್ಬಿದೆ. ಪರದೆಯ ಅಂಚಿನಲ್ಲಿ ಸಣ್ಣ ಸಂದು ಬಿಟ್ಟಿದೆಯಾ, ಉಗುರು ಹೋಗುವಷ್ಟು? ಪರದೆಯ ನಡುವೆ ಒಂದು ಕಡೆ ಬಿಳಿಚಿಕೊಂಡಂತೆ ಕಾಣುತ್ತಿದೆಯಾ? ಬ್ಯಾಟರಿಯ ಒಳಗೆ ಗ್ಯಾಸ್ ತುಂಬಿ ಅದು ಊದಿದಾಗ ಹೀಗಾಗುತ್ತದೆ. ಬಿಸಿ ಮತ್ತು ವಯಸ್ಸು ಎರಡೂ ಸೇರಿ ಮಾಡುವ ಕೆಲಸ.

ಆಗ ಚಾರ್ಜಿಗೆ ಹಾಕಬೇಡಿ, ಇನ್ನೊಂದೇ ಸಲ ಫೋಟೋ ಕಾಪಿ ಮಾಡಿಕೊಳ್ಳೋಣ ಅಂತಲೂ ಬೇಡ. ಆಫ್ ಮಾಡಿ. ಉಬ್ಬಿದ್ದನ್ನು ಒತ್ತಿ ಕೂರಿಸಲು ಹೋಗಬೇಡಿ, ಸೂಜಿ ಚುಚ್ಚಿ ಗಾಳಿ ಬಿಡಲು ಹೋಗಬೇಡಿ, ಅದು ಸೈಕಲ್ ಟ್ಯೂಬ್ ಅಲ್ಲ, ಹೊತ್ತಿಕೊಳ್ಳುತ್ತದೆ. ಹಾಸಿಗೆ, ಬಟ್ಟೆ, ಪುಸ್ತಕ, ಗ್ಯಾಸ್ ಸಿಲಿಂಡರ್‌ನಿಂದ ದೂರ, ನೆರಳಿನ ಕಲ್ಲು ನೆಲದ ಮೇಲೆ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು, ಅದೇ ದಿನ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಹಳೆ ಬ್ಯಾಟರಿಯನ್ನು ಮನೆ ಕಸದ ಗಾಡಿಗೆ ಹಾಕಬೇಡಿ, ಬದಲಾಯಿಸಿದವರ ಹತ್ತಿರವೇ ಬಿಟ್ಟು ಬನ್ನಿ. ಹೊಗೆ ಬರತೊಡಗಿದರೆ ಕೈಯಿಂದ ಎತ್ತಿ ಹೊರಗೆ ಎಸೆಯುವ ಸಾಹಸ ಬೇಡ. ಸಾಧ್ಯವಾದರೆ ಮೇನ್ ಸ್ವಿಚ್ ಆಫ್ ಮಾಡಿ, ಎಲ್ಲರೂ ಹೊರಗೆ ಬಂದು, 112ಕ್ಕೆ ಫೋನ್ ಮಾಡಿ. ಆ ಹೊಗೆ ಕುಡಿಯಬಾರದು.

ರಿಪೇರಿ ಅಂಗಡಿಯ ಬಗ್ಗೆ ಒಂದು ಮಾತು. ನಮ್ಮ ಎರಡನೇ ಟ್ಯಾಬ್ ಬಿಸಿಯಾಗುತ್ತಿದೆ ಅಂತ ಒಂದು ಕಡೆ ತೋರಿಸಿದಾಗ, ಬಿಚ್ಚದೆಯೇ, ಕೈಯಲ್ಲಿ ತೂಗಿ ನೋಡಿ "ಮದರ್‌ಬೋರ್ಡ್ ಹೋಗೈತ್ರಿ" ಅಂದರು. ಹೇಳಿದ ರೇಟ್ ಟ್ಯಾಬಿನ ಅರ್ಧ ಬೆಲೆ. ಮನೆಗೆ ತಂದು ಬೇರೆ ಚಾರ್ಜರ್ ಹಾಕಿ, ಬ್ಯಾಟರಿ ಪಟ್ಟಿಯಲ್ಲಿ ತಲೆಗೆ ಕೂತಿದ್ದ ಒಂದು ಗೇಮ್ ತೆಗೆದು, ರೀಸ್ಟಾರ್ಟ್ ಮಾಡಿದೆ. ಆಮೇಲೆ ಒಂದೂವರೆ ವರ್ಷ ಆಯಿತು. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮೂರು ದಿನ ಪರೀಕ್ಷೆ ಮಾಡಿ: ಒಂದು ದಿನ ಬೇರೆ ಚಾರ್ಜರ್, ಒಂದು ದಿನ ಕವರ್ ಇಲ್ಲದೆ, ಒಂದು ದಿನ ಅನುಮಾನದ ಆ್ಯಪ್ ಇಲ್ಲದೆ. ಮೂರರಲ್ಲೂ ಸುಮ್ನೆ ಇಟ್ಟಾಗಲೂ ಸುಡುತ್ತಿದ್ದರೆ ಆಗ ಒಯ್ಯಿರಿ, ಮತ್ತು ಈ ಮೂರೂ ನೋಡಿಯಾಗಿದೆ ಅಂತ ಮೊದಲೇ ಹೇಳಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಬೇಸಿಗೆ ರಜೆಗೆ ಊರಿಗೆ ಹೋಗುತ್ತೀರಿ, ಟ್ಯಾಬ್ ಮನೆಯಲ್ಲೇ ಇರುತ್ತದೆ ಅಂದರೆ ಅರ್ಧ ಚಾರ್ಜ್ ಇಟ್ಟು ಪೂರ್ತಿ ಸ್ವಿಚ್ ಆಫ್ ಮಾಡಿ. ನೂರೂ ಬೇಡ, ಸೊನ್ನೆಯೂ ಬೇಡ. ಪಡುವಣ ಗೋಡೆಗೆ ತಾಗಿಸಿದ ಸ್ಟೀಲ್ ಅಲ್ಮಾರಿಯಲ್ಲಿ ಬೇಡ, ಮಧ್ಯಾಹ್ನ ಅದರ ಒಳಗೆ ಕೈ ಹಾಕಿ ನೋಡಿದರೆ ಯಾಕಂತ ಗೊತ್ತಾಗುತ್ತದೆ. ಮನೆಯಲ್ಲಿ ಎಲ್ಲಕ್ಕಿಂತ ತಂಪು ಜಾಗ ಯಾವುದು ಅಂತ ಹಿರಿಯರನ್ನು ಕೇಳಿ. ನಮ್ಮವ್ವ ತೋರಿಸಿದ್ದು ನಡುಮನೆಯ ಗೂಡು, ಮೊದಲು ಅವಳು ಬೆಣ್ಣೆ ಇಡುತ್ತಿದ್ದ ಜಾಗ. ಈಗ ಬೆಣ್ಣೆ ಫ್ರಿಜ್‌ನಲ್ಲಿದೆ, ಟ್ಯಾಬ್ ಗೂಡಿನಲ್ಲಿದೆ.